ಅಸಹಾಯಕರು ಬೇಕಾಗಿದ್ದಾರೆ

ನನ್ನ ಹೆಸರು ಸಾಕಮ್ಮ. ನಾಲ್ಕನೆಯದೂ ಹೆಣ್ಣಾಯಿತಲ್ಲ ಎಂದು ನಮ್ಮಪ್ಪ ಸಾಕಾಗಿ ಇಟ್ಟ ಹೆಸರು. ಅಪ್ಪನಿಗಾದರೂ ಒಂದೇ ಸಲ ಸಾಕಾಯಿತು. ಕೊಡ್ಲಿಪೇಟೆಗೆ ಸೊಸೆಯಾಗಿ ಬಂದ ಮೇಲೆ ನನಗೆ ದಿನ ಬೆಳಗಾದರೆ ಸಾಕಾಗುತ್ತಿದೆ. ಕಾರಣ ನಮ್ಮ ಯಜಮಾನರು. ಕುಡಿತವಿಲ್ಲ, ಇಸ್ಪೀಟಿಲ್ಲ, ನಶ್ಯ ಕೂಡ ಇಲ್ಲ. ಇರುವುದು ಒಂದೇ ಚಟ, ದೇಶೋದ್ಧಾರ. ಪೇಟೆ ಬೀದಿಯಲ್ಲಿ ನಮ್ಮದೊಂದು ಜವಳಿ ಅಂಗಡಿ. ಗಿರಾಕಿ ಬಂದು ಸೀರೆ ಕೇಳಿದರೆ ಇವರು ಸ್ವಾತಂತ್ರ್ಯ ಬಂದ ಮೇಲೆ ಪ್ರಜೆಗಳ ಕರ್ತವ್ಯವೇನು ಎಂದು ಶುರು ಮಾಡುತ್ತಾರೆ. ಗಿರಾಕಿ ಪಕ್ಕದಂಗಡಿಗೆ ಹೋಗುತ್ತಾನೆ. ಇವರು ಇನ್ನೊಂದು ಸಂಘ ಕಟ್ಟುತ್ತಾರೆ. ಮೊದಲು ವ್ಯಾಯಾಮ ಸಂಘ ಕಟ್ಟಿದರು (ಅದರ ಕಬ್ಬಿಣದ ಗುಂಡು ಈಗ ನಮ್ಮ ಉಪ್ಪಿನಕಾಯಿ ಜಾಡಿಯ ಮುಚ್ಚಳದ ಮೇಲೆ ಕೂತಿದೆ). ಆಮೇಲೆ ನಾಟಕ ಸಂಘ (ಅದರ ಅರಮನೆ ಪರದೆ ನಮ್ಮ ಬಚ್ಚಲಿಗೆ ಬಾಗಿಲಾಗಿದೆ, ನಮ್ಮಲ್ಲಿ ಸ್ನಾನಕ್ಕೆ ಹೋಗುವವರೆಲ್ಲ ರಾಜರೇ).

ನಾನೀಗ ಹೇಳಹೊರಟಿರುವುದು ಮೂರನೆಯ ಸಂಘದಿಂದ ನನಗಾದ ಗತಿ.

ಆಗ ನಮ್ಮ ಕೊಡಗೇ ಒಂದು ರಾಜ್ಯ. ಸ್ವಂತ ಸರಕಾರ, ಸ್ವಂತ ಮಂತ್ರಿಗಳು. ತಿಂಡಿ ತಿಂದು ಬಸ್ಸು ಹತ್ತಿದರೆ ಊಟದ ಹೊತ್ತಿಗೆ ಮುಗಿದುಹೋಗುವಷ್ಟು ರಾಜ್ಯವಾದರೂ ರಾಜ್ಯ ರಾಜ್ಯವೇ. ಅದರ ರಾಜಧಾನಿ ಮಡಿಕೇರಿಗೆ ಅಂಗಡಿ ಸಾಮಾನು ತರಲೆಂದು ಹೋದ ಯಜಮಾನರು ಸಾಮಾನು ಬಿಟ್ಟು ಒಂದು ಯೋಜನೆ ಹೊತ್ತು ತಂದರು. ಅಲ್ಲಿನ ಕೆಲವು ದೊಡ್ಡ ಮನುಷ್ಯರು ಸೇರಿ ‘ಯುವಜನ ಚಾರಿತ್ರ್ಯ ಸಂವರ್ಧಕ ಸಂಘ’ ಕಟ್ಟಿದ್ದರಂತೆ. ಊರೂರಿನ ಹುಡುಗ ಹುಡುಗಿಯರು ಒಂದು ಕಸುಬು ಕಲಿಯಬೇಕು, ಒಂದು ದೂರದ ಕಾಲ್ನಡಿಗೆ ಮಾಡಬೇಕು, ಒಬ್ಬರು ಅಸಹಾಯಕರ ಸೇವೆ ಮಾಡಬೇಕು. ಮೂರೂ ಮಾಡಿದವರಿಗೆ ಚಾರಿತ್ರ್ಯ ಪದಕ. ಕೊಡ್ಲಿಪೇಟೆ ಶಾಖೆಗೆ ನಮ್ಮವರೇ ಅಧ್ಯಕ್ಷರು.

“ಶಾಲೆ ಕೊಡೋದು ವಿದ್ಯೆ ಮಾತ್ರ ಸಾಕಮ್ಮ. ಚಾರಿತ್ರ್ಯ ಬೆಳೆಯೋದು ಶಾಲೆಯ ಗೋಡೆ ಆಚೆ,” ಅಂದರು.

“ನಮ್ಮೂರ ಶಾಲೆಯ ಗೋಡೆ ಆಚೆ ಬೆಳೆದಿರೋದು ತುರಿಕೆ ಸೊಪ್ಪು ಕಣ್ರೀ,” ಅಂದೆ ನಾನು.

ಅಧ್ಯಕ್ಷರು ಆಗಲೇ ಹೆಸರು ಬರೆದುಕೊಳ್ಳಲು ನೋಟುಬುಕ್ಕು ತೆಗೆದಿದ್ದರು.

ಹೆಸರು ಕೊಟ್ಟವರು ಇಬ್ಬರು. ಒಬ್ಬ ಅಕ್ಕಿ ಗಿರಣಿ ಕೆಂಪಣ್ಣನವರ ಮಗ ಸಿದ್ದರಾಜು. ಮೆಟ್ರಿಕ್ಕಿನಲ್ಲಿ ಫೇಲಾಗಿ, ಮತ್ತೆ ಕಟ್ಟಿ ಮತ್ತೆ ಫೇಲಾಗಿ, ಅಪ್ಪ ಎದುರಿಗೆ ಬಂದರೆ ಹಿತ್ತಿಲ ಕಡೆಯಿಂದ ಮನೆ ಸೇರುತ್ತಿದ್ದ ಹುಡುಗ. ಕೆಂಪಣ್ಣನವರು ಗಿರಣಿಯಲ್ಲಿ ನಾಲ್ಕು ಜನರ ಮುಂದೆ, “ಅವನನ್ನ ನನ್ನ ಮಕ್ಕಳ ಲೆಕ್ಕಕ್ಕೆ ಹಿಡೀಬೇಡಿ,” ಅಂದಿದ್ದರು. ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಕೆಲಸ, ಅಂದರೆ ಆಳುಗಳ ಲೆಕ್ಕ ಬರೆಯುವ ಕೆಲಸ, ಖಾಲಿಯಿತ್ತು. ಮ್ಯಾನೇಜರು, “ಮೆಟ್ರಿಕ್ ಇಲ್ಲದಿದ್ದರೆ ಹೋಗಲಿ, ನಿನ್ನನ್ನು ನಂಬೋದಕ್ಕೆ ಏನಾದರೂ ಒಂದು ತಗೊಂಡು ಬಾ,” ಅಂದಿದ್ದರಂತೆ. ಆ ‘ಏನಾದರೂ’ ಈ ಪದಕವೇ ಎಂದು ಹುಡುಗ ನಂಬಿಕೊಂಡಿದ್ದ. ಇನ್ನೊಬ್ಬಳು ಆಸ್ಪತ್ರೆ ಕಾಂಪೌಂಡರ ಮಗಳು ನೀಲಾವತಿ. ಸಂಪಾಜೆ ಕಡೆಯವರು, ವರ್ಗವಾಗಿ ಬಂದವರು. ಮಾತು ಮಾತಿಗೂ ‘ಎಂತ’ ಅನ್ನುವ ಚುರುಕು ಹುಡುಗಿ.

ಕಸುಬಿಗೆಂದು ಸಿದ್ದರಾಜು ಬಡಗಿ ಕೆಲಸ ಕಲಿತು ಒಂದು ಸ್ಟೂಲು ಮಾಡಿದ, ನೀಲಾವತಿ ಬೆತ್ತದ ಬುಟ್ಟಿ ಹೆಣೆದಳು. ಸೋಮವಾರಪೇಟೆಗೆ ನಡೆದು ಹೋಗಿ ನಡೆದೇ ಬಂದರು (ಹುಡುಗಿಯ ಹಿಂದೆ ಅವರಪ್ಪ ಕೊಡೆ ಹಿಡಿದು ನಡೆದರು; ಪದಕಕ್ಕೆ ನಿಜವಾದ ಹಕ್ಕು ಅವರದ್ದೇ ಎಂದು ನನ್ನ ಅಭಿಪ್ರಾಯ). ಉಳಿದದ್ದು ಸೇವೆ. ಸಂಕಟ ಶುರುವಾದದ್ದೇ ಅಲ್ಲಿ. ಏಕೆಂದರೆ ಕೊಡ್ಲಿಪೇಟೆಯಲ್ಲಿ ಅಸಹಾಯಕ ಎಂದು ಹೇಳಿಸಿಕೊಳ್ಳಲು ಒಂದು ನರಪಿಳ್ಳೆಯೂ ತಯಾರಿರಲಿಲ್ಲ.

ಮೊದಲು ಹೋದದ್ದು ಹವಾಲ್ದಾರ್ ಅಪ್ಪಯ್ಯನವರ ಮನೆಗೆ. ವಯಸ್ಸಾದವರು, ಒಂಟಿ, ಬರ್ಮಾ ಯುದ್ಧದಲ್ಲಿ ಕಾಲಿಗೆ ಗುಂಡು ತಗಲಿ ಕುಂಟುವವರು. “ನಿಮ್ಮ ಸೇವೆಗೆ ಬಂದಿದೀವಿ,” ಎಂದು ಸಿದ್ದರಾಜು ಅಂದದ್ದೇ ತಡ, ಅವರು ಒಳಗಿಂದ ಕೋವಿ ತಂದರಂತೆ. ಸೋಮವಾರಪೇಟೆಗೆ ನಡೆದು ಕಲಿತದ್ದು ಓಡುವುದಕ್ಕೆ ಉಪಯೋಗವಾಯಿತು.

ಆಮೇಲೆ ಎಲೆಅಡಿಕೆ ಮಾರುವ ದೊಡ್ಡಿ ಅಜ್ಜಿ. ಅವಳು ಕೋವಿ ತರಲಿಲ್ಲ. “ಒಳ್ಳೇದಾಯ್ತು ಕಣ್ರಪ್ಪ, ಅಂಗಡಿ ನೋಡ್ಕಳಿ,” ಎಂದು ಎದ್ದು ಹೋದವಳು ಹೇಮಾವತಿ ಹೊಳೆ ದಾಟಿ, ಮೈಸೂರು ರಾಜ್ಯ ಸೇರಿ, ಮಗಳ ಮನೆಯಲ್ಲಿ ಕೂತಳು. ಸೇವೆ ಮಾಡಿಸಿಕೊಳ್ಳುವವರೇ ಪರರಾಜ್ಯಕ್ಕೆ ಹೋದರೆ ಸೇವೆ ಯಾರಿಗೆ ಮಾಡುವುದು? ಹುಡುಗರು ಒಂದಷ್ಟು ದಿನ ಎಲೆ ಮಾರಿ ವಾಪಸು ಬಂದರು.

ಯಜಮಾನರು ಊಟದ ತಟ್ಟೆ ಮುಂದೆ ತಲೆಗೆ ಕೈ ಹೊತ್ತು ಕೂತರು. “ಇಡೀ ಊರಲ್ಲಿ ಒಬ್ಬ ಅಸಹಾಯಕ ಇಲ್ಲ ಅಂದ್ರೆ ಶಾಖೆ ಮುಚ್ಚಬೇಕಾಗುತ್ತೆ ಸಾಕಮ್ಮ.”

ಆಗ ನನಗೊಂದು ಉಪಾಯ ಹೊಳೆಯಿತು. ನನ್ನ ತವರು ಶನಿವಾರಸಂತೆ. ಬಸ್ಸು ಹತ್ತಿ ಸೆರಗು ಸರಿಮಾಡಿಕೊಳ್ಳುವುದರೊಳಗೆ ಇಳಿಯಬೇಕು, ಅಷ್ಟೇ ದೂರ. ಆದರೂ ನಾನಲ್ಲಿ ಒಂದು ರಾತ್ರಿ ತಂಗಿ ವರ್ಷಗಳಾಗಿದ್ದವು. ಅತ್ತೆ ರಂಗಮ್ಮನವರನ್ನು ಬಿಟ್ಟು ಹೋಗುವುದು ಹೇಗೆ? ಹಾಗೆಂದು ಅವರು ಹಾಸಿಗೆ ಹಿಡಿದವರಲ್ಲ. ಎಪ್ಪತ್ತು ದಾಟಿದ್ದರೂ ಕೊಡಲಿ ಕೊಟ್ಟರೆ ಸೌದೆ ಸೀಳುತ್ತಾರೆ. ಆದರೆ ನಾನು ಹೊರಟ ಸುದ್ದಿ ಕಿವಿಗೆ ಬಿದ್ದ ಕೂಡಲೇ ಅವರಿಗೆ ಸೊಂಟ ಹಿಡಿಯುತ್ತದೆ. ಈಗ ನನ್ನ ತಂಗಿಗೆ (ಅಪ್ಪ ಸಾಕೆಂದ ಮೇಲೂ ಹುಟ್ಟಿದವಳು) ಹೆರಿಗೆಯಾಗಿತ್ತು, ಅವ್ವ ಬಾ ಎಂದು ಹೇಳಿ ಕಳಿಸಿದ್ದಳು.

“ರೀ, ಅಸಹಾಯಕರು ನಮ್ಮ ಮನೇಲೇ ಇದಾರಲ್ಲ,” ಅಂದೆ.

ಯಜಮಾನರು ಸುತ್ತ ನೋಡಿದರು. “ಯಾರು? ನಾನಾ?”

“ನೀವು ಬೇರೆ ತರದವರು. ನಾನು ಹೇಳ್ತಿರೋದು ಅತ್ತೆ ವಿಷಯ.”

“ಅವ್ವನಿಗೆ ಗೊತ್ತಾದ್ರೆ ಆ ಹವಾಲ್ದಾರರ ಕೋವಿ ಎರವಲು ತರ್ತಾಳೆ.”

“ಗೊತ್ತಾಗೋದು ಯಾಕೆ? ಹುಡುಗರಿಗೆ, ಅಜ್ಜಿಯ ಸೇವೆ ಮಾಡಿ ಅನ್ನಿ. ಅತ್ತೆಗೆ, ಹುಡುಗರು ನಿಮ್ಮ ಹತ್ರ ಕೆಲಸ ಕಲಿಯೋಕೆ ಬಂದಿದಾರೆ ಅನ್ನಿ. ಎರಡೂ ಸುಳ್ಳಲ್ಲ.”

ಯಜಮಾನರು ನನ್ನನ್ನು ಹೊಸದಾಗಿ ನೋಡುವವರಂತೆ ನೋಡಿದರು. ಆ ದಿನ ನಮ್ಮ ಮನೆಯಲ್ಲಿ ನನಗೆ ಸಿಕ್ಕ ಮರ್ಯಾದೆ ಅದಕ್ಕೆ ಮೊದಲೂ ಸಿಕ್ಕಿರಲಿಲ್ಲ, ಆಮೇಲಂತೂ ಸಿಗಲಿಲ್ಲ.

ಹುಡುಗರು ಬಂದರು. ಅತ್ತೆ ಜಗಲಿಯ ಮೇಲೆ ಕೂತು ಇಬ್ಬರನ್ನೂ ಸಂತೆಯಲ್ಲಿ ಎತ್ತು ನೋಡುವ ಹಾಗೆ ನೋಡಿದರು.

“ಏನು ಕಲೀತೀರಾ?”

“ನೀವು ಎಂತ ಹೇಳಿದ್ರೂ ಮಾಡ್ತೇವೆ ಅಜ್ಜಿ,” ಅಂದಳು ನೀಲಾವತಿ.

“ಒಲೆ ಹಚ್ಚೋಕೆ ಬರುತ್ತಾ?”

ಹಚ್ಚಿದರು. ಮನೆ ತುಂಬ ಹೊಗೆಯಾಯಿತು. ಅತ್ತೆ ಕಣ್ಣೊರೆಸಿಕೊಂಡು, ಸೀರೆ ಮೇಲೆತ್ತಿ ಕಟ್ಟಿ, ಅಡಿಗೆಮನೆಗೆ ಇಳಿದರು. ಅಂದಿನಿಂದ ನಮ್ಮ ಮನೆ ಗುರುಕುಲವಾಯಿತು. ಸಿದ್ದರಾಜು ನೀರು ಸೇದಿದ, ಸೌದೆ ಒಡೆದ, ಕಂಬಳಿ ಒಗೆದ. ನೀಲಾವತಿ ಅಂಗಳ ಸಾರಿಸಿದಳು, ಅಕ್ಕಿರೊಟ್ಟಿ ತಟ್ಟಿದಳು. ಅದು ಮೊದಲ ದಿನ ಕೊಡಗಿನ ನಕ್ಷೆಯ ಹಾಗಿತ್ತು, ಬರಬರುತ್ತ ಚಂದ್ರನ ಹಾಗಾಯಿತು. ಬಿದಿರಿನ ಕಳಲೆ ಹೆಚ್ಚಿ ನೀರಲ್ಲಿ ನೆನೆಸುವುದು ಹೇಗೆ, ಮಳೆಗಾಲಕ್ಕೆ ಸೌದೆ ಒಟ್ಟುವುದು ಹೇಗೆ, ಎಲ್ಲ ಪಾಠವಾಯಿತು. ತಪ್ಪಿದರೆ ಅತ್ತೆ ಮತ್ತೆ ಮಾಡಿಸುತ್ತಿದ್ದರು. ಆದರೆ ಒಂದು ದಿನವೂ, “ನಿನಗೆ ತಲೆಗೆ ಹತ್ತಲ್ಲ,” ಅನ್ನಲಿಲ್ಲ. ಆ ಮಾತನ್ನು ಸ್ಕೂಲಿನಲ್ಲೂ ಗಿರಣಿಯಲ್ಲೂ ಕೇಳಿ ಕೇಳಿ ಕುಗ್ಗಿದ್ದ ಸಿದ್ದರಾಜು, ಬರಬರುತ್ತ ತಲೆಯೆತ್ತಿ ಮಾತಾಡತೊಡಗಿದ. ಒಂದು ಸಂಜೆ ಅತ್ತೆ ನನಗೆ ಹೇಳಿದರು: “ನೋಡು ಸಾಕೀ, ಇಷ್ಟು ವರ್ಷದಲ್ಲಿ ನನ್ನ ಹತ್ರ ಕಲೀಬೇಕು ಅಂತ ಬಂದವರು ಇವರೇ ಮೊದಲು. ನೀನು ಎಲ್ಲಾ ತವರಿಂದಲೇ ಕಲ್ತ್ಕೊಂಡು ಬಂದಿದ್ದೆ.” ಆ ಮಾತು ಸ್ವಲ್ಪ ಚುಚ್ಚಿತು. ಆದರೆ ನನ್ನ ಟ್ರಂಕು ಆಗಲೇ ಕಟ್ಟಿತ್ತು.

ಅತ್ತೆಗೆ ಈ ಸಲ ಸೊಂಟ ಹಿಡಿಯಲಿಲ್ಲ. “ಹೋಗಿ ಬಾ, ಅವಸರ ಏನಿಲ್ಲ,” ಅಂದರು. ತವರಲ್ಲಿ ನಾನು ಮಹಾರಾಣಿಯ ಹಾಗಿದ್ದೆ. “ಅತ್ತೆ ಹೇಗೆ ಬಿಟ್ಟರೇ?” ಎಂದು ಅಕ್ಕಂದಿರು ಕೇಳಿದರೆ, “ನಾನು ಹೇಳಿದ ಹಾಗೆ ನಡೆಯುತ್ತೆ ನಮ್ಮನೇಲಿ,” ಅಂದೆ. ಅಕ್ಕಂದಿರು ಮುಖ ಮುಖ ನೋಡಿಕೊಂಡರು. ತಂಗಿಯ ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕಿದೆ, ಸಂತೆ ಸುತ್ತಿದೆ, ಬೆಳಕು ಹರಿದ ಮೇಲೂ ಮಲಗಿದೆ. ವಾಪಸು ಬಂದರೂ ಮನೆಯಲ್ಲಿ ಕೆಲಸವಿರಲಿಲ್ಲ. ಕೊಡ ಮುಟ್ಟಲು ಹೋದರೆ, “ಬಿಡಿ ಅಕ್ಕ, ನಾನಿದೀನಿ,” ಎಂದು ಸಿದ್ದರಾಜು ಬರುತ್ತಿದ್ದ. ಎಲೆಅಡಿಕೆ ಹಾಕಿಕೊಂಡು ಜಗಲಿಯಲ್ಲಿ ಕೂತು ಬೀದಿ ನೋಡುವ ಸುಖವೇನೆಂದು ನನಗೆ ಗೊತ್ತಾದದ್ದು ಆ ದಿನಗಳಲ್ಲಿ.

ಹೀಗಿರುವಾಗ ಪರೀಕ್ಷೆ ಮಾಡಲು ಮಡಿಕೇರಿಯಿಂದ ಶಿವಶಂಕರಪ್ಪನವರು ಬಂದರು. ಸಂಘದ ಪರೀಕ್ಷಕರು. ಕೋಟು, ಟೋಪಿ, ಬಿಸಿಲಿದ್ದರೂ ಕಂಕುಳಲ್ಲಿ ಕೊಡೆ. ಹಜಾರದಲ್ಲಿ ಸಿದ್ದರಾಜು ಮಾಡಿದ ಸ್ಟೂಲು ಹಾಕಿದೆವು. ಅವರು ಕೂತರು, ಸ್ಟೂಲು ಒಂದು ಕಡೆಗೆ ವಾಲಿತು, ಅವರೂ ಅದೇ ಕಡೆಗೆ ವಾಲಿದರು. ಬಹಳ ಗಂಭೀರ ಮನುಷ್ಯರು. ಪರೀಕ್ಷೆ ಮುಗಿಯುವವರೆಗೂ ವಾಲಿಕೊಂಡೇ ಇದ್ದರು.

“ತಾಯಿ, ಈ ಇಬ್ಬರು ನಿಮಗೆ ಏನೇನು ಸೇವೆ ಮಾಡಿದರು?” ಎಂದು ಅತ್ತೆಯನ್ನು ಕೇಳಿದರು.

ಅತ್ತೆಗೆ ಏನು ಹೇಳಬೇಕೆಂದು ಹೇಳಿಕೊಡೋಣ ಎಂದು ಯಜಮಾನರು ಅಂದಿದ್ದರು. ನಾಳೆ ಹೇಳೋಣ, ನಾಳೆ ಹೇಳೋಣ ಎಂದು ಇಬ್ಬರೂ ಹೆದರಿ ಮುಂದೂಡಿದ್ದೆವು.

“ಸೇವೆನಾ?” ಅತ್ತೆ ನಕ್ಕರು. “ಅವರು ನನಗೆ ಮಾಡೋದೇನು ಸ್ವಾಮಿ, ನಾನೇ ಅವರಿಗೆ ಮಾಡಿದ್ದು. ಬಂದಾಗ ಒಲೆ ಉರಿಸೋಕೂ ಬರ್ತಿರಲಿಲ್ಲ. ಈಗ ನೋಡಿ.”

“ಹಾಗಾದರೆ ನೀವು ಅಸಹಾಯಕರಲ್ಲ?”

“ಯಾರು ಹಂಗಂದೋರು?” ಅತ್ತೆಯ ದನಿ ಬದಲಾಯಿತು.

ಶಿವಶಂಕರಪ್ಪನವರು ಪೆನ್ನಿನ ಮುಚ್ಚಳ ಹಾಕಿ ನಮ್ಮ ಯಜಮಾನರ ಕಡೆ ತಿರುಗಿದರು. “ಶಾಂತಪ್ಪನವರೇ, ನಿಯಮ ನಿಮಗೆ ಗೊತ್ತಿದೆ. ಕಲಿತದ್ದು ಕಸುಬಿಗೆ ಸೇರುತ್ತದೆ. ಸೇವೆ ಆಗಿಲ್ಲ. ಪದಕ ಕೊಡಲು ಬರುವುದಿಲ್ಲ.”

ನೀಲಾವತಿ ಸೆರಗಿನ ತುದಿ ಹಿಡಿದು ನೆಲ ನೋಡಿದಳು. ಸಿದ್ದರಾಜು ಗೋಡೆಗೊರಗಿದ. ಅವನ ಮುಖ ನೋಡಿದೆ. ಮೆಟ್ರಿಕ್ಕಿನ ಫಲಿತಾಂಶ ನೋಡಿ ಬಂದ ದಿನ ನಮ್ಮ ಅಂಗಡಿಯ ಮುಂದೆ ಹಾದುಹೋಗುವಾಗ ಹೇಗಿತ್ತೋ ಹಾಗೇ ಇತ್ತು.

ಅತ್ತೆ ನನ್ನ ರಟ್ಟೆ ಹಿಡಿದು ಅಡಿಗೆಮನೆಗೆ ಎಳೆದುಕೊಂಡು ಹೋದರು. “ಆ ಹುಡುಗ ಯಾಕೆ ಹಂಗೆ ಬಿಳಿಚಿಕೊಂಡ? ನಾನೇನು ಅಂದೆ?”

ಇನ್ನು ಮುಚ್ಚಿಡುವುದಕ್ಕಾಗಲಿಲ್ಲ. ಪದಕ, ಎಸ್ಟೇಟಿನ ಕೆಲಸ, ಕೆಂಪಣ್ಣನವರ ಮಾತು, ನಮ್ಮ ಉಪಾಯ, ಎಲ್ಲ ಪಿಸುಗುಟ್ಟಿದೆ. ಅತ್ತೆ ಕೇಳುತ್ತಾ ಕೇಳುತ್ತಾ ಒಲೆ ಪಕ್ಕದ ಮಣೆಯ ಮೇಲೆ ಕೂತರು.

“ಅಂದ್ರೆ ಇಷ್ಟು ದಿನ ಅವು ಕಲಿಯೋಕೆ ಬಂದಿದ್ದಲ್ಲ.”

“ಕಲಿತರಲ್ಲ ಅತ್ತೆ.”

“ನಾನು ಕೈಲಾಗದ ಮುದುಕಿ ಅಂತ ಬಂದಿದ್ದು.”

ಅವರು ತಮ್ಮ ಎರಡೂ ಅಂಗೈಗಳನ್ನು ಮುಂದೆ ಚಾಚಿ ನೋಡಿಕೊಂಡರು. ಬೈಯುತ್ತಾರೆ ಎಂದು ಕಾದೆ, ಬೈಯಲಿಲ್ಲ. ಮಂಡಿಗೆ ಕೈಯೂರಿ ಎದ್ದು, “ಆ ಮಗು ಹಂಗೆ ನಿಂತ್ಕೋಬಾರದು,” ಎಂದು ಸೆರಗು ಸರಿಮಾಡಿಕೊಂಡರು. ಜೀವಮಾನವಿಡೀ ಯಾರ ಮುಂದೆಯೂ ತಲೆ ತಗ್ಗಿಸದ ಹೆಂಗಸು, ಬೇರೆಯವರ ಮಗನಿಗಾಗಿ ತಾನು ಅಸಹಾಯಕಳೆಂದು ಒಪ್ಪಿಕೊಳ್ಳಲು ಹೊರಟಿದ್ದಾರೆ. ಎಂಥಾ ದೊಡ್ಡ ಮನಸ್ಸು ಎಂದುಕೊಂಡು, ಕಣ್ಣೊರೆಸಿಕೊಂಡು, ಕಾಫಿ ಲೋಟಗಳ ತಟ್ಟೆ ಎತ್ತಿಕೊಂಡು ಅವರ ಹಿಂದೆಯೇ ಹಜಾರಕ್ಕೆ ಬಂದೆ.

ಅತ್ತೆ ಶಿವಶಂಕರಪ್ಪನವರ ಎದುರು ನಿಂತು ಹೇಳಿದರು:

“ಸ್ವಾಮಿ, ನಿಮಗೆ ಯಾರೋ ತಪ್ಪು ತಿಳಿಸಿದಾರೆ. ಈ ಮನೇಲಿ ಅಸಹಾಯಕಿ ನಾನಲ್ಲ, ನಮ್ಮ ಸೊಸೆ.”

ಬೇರೆ ಯಾರಾದರೂ ಸೊಸೆ ಇದ್ದಾಳೇನೋ ಎಂದು ತಟ್ಟೆ ಹಿಡಿದೇ ಹಿಂದಕ್ಕೆ ತಿರುಗಿ ನೋಡಿದೆ.

“ಇವರೇ?” ಶಿವಶಂಕರಪ್ಪನವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನಾನು ಆಗ ಸಾಕಷ್ಟು ಮೈಕೈ ತುಂಬಿಕೊಂಡಿದ್ದೆ. “ಏನು ಕಾಯಿಲೆ?”

“ಕಾಯಿಲೆ ಅಂತ ಹೇಳೋಕಾಗಲ್ಲ. ಕೈಲಾಗಲ್ಲ, ಅಷ್ಟೇ. ಹೇಳ್ಕೊಳ್ಳೋಕೆ ನಾಚಿಕೆ ಅಂತ ಮುಚ್ಚಿಟ್ಟಿದ್ವಿ. ಬೇಕಾದ್ರೆ ಹುಡುಗರನ್ನೇ ಕೇಳಿ.”

ಅವರು ಕೇಳಿದರು. “ಈ ಮನೆಗೆ ನೀರು ತರುತ್ತಿದ್ದವರು ಯಾರು?”

“ನಾನು ಸಾರ್,” ಅಂದ ಸಿದ್ದರಾಜು.

“ಅಡಿಗೆ?”

“ನಾನು. ಅಜ್ಜಿ ಹೇಳಿಕೊಟ್ಟದ್ದು,” ಅಂದಳು ನೀಲಾವತಿ.

“ಆಗ ಈ ತಾಯಿ ಏನು ಮಾಡುತ್ತಿದ್ದರು?”

ಇಬ್ಬರೂ ಸುಳ್ಳು ಹೇಳದ ಮಕ್ಕಳು (ಚಾರಿತ್ರ್ಯ ಅಷ್ಟರಲ್ಲಿ ಸಂವರ್ಧನೆಯಾಗಿಬಿಟ್ಟಿತ್ತು). “ಜಗಲಿ ಮೇಲೆ ಕೂತಿರ್ತಿದ್ರು ಸಾರ್,” ಅಂದ ಸಿದ್ದರಾಜು. “ಸ್ವಲ್ಪ ದಿನ ತವರಿಗೆ ಹೋಗಿದ್ರು.”

“ಆರೈಕೆಗೆ ಕಳಿಸಿದ್ದೆ,” ಅಂದರು ಅತ್ತೆ. “ಗುಣ ಕಾಣಲಿಲ್ಲ.”

ನಾನು ಯಜಮಾನರ ಕಡೆ ನೋಡಿದೆ. ಅಧ್ಯಕ್ಷರು ಸೂರಿನ ಹೆಂಚು ನೋಡುತ್ತಿದ್ದರು. ಶಿವಶಂಕರಪ್ಪನವರು ದನಿ ಮೆತ್ತಗೆ ಮಾಡಿ ನನ್ನನ್ನೇ ಕೇಳಿದರು: “ಯಾವ ಕೆಲಸವೂ ಆಗುವುದಿಲ್ಲವೇ ತಾಯಿ? ಸಂಕೋಚ ಬೇಡ.”

ಹೇಳಬೇಕಾದದ್ದು ಬಹಳವಿತ್ತು. ಬೆಳಗಿನ ಜಾವಕ್ಕೆ ಏಳುವವಳು ನಾನು, ಈ ಮನೆಯನ್ನು ಇಷ್ಟು ವರ್ಷ ಎತ್ತಿ ನಿಲ್ಲಿಸಿದವಳು ನಾನು. ಆದರೆ ಗೋಡೆಗೊರಗಿ ನಿಂತ ಸಿದ್ದರಾಜು ನನ್ನ ಬಾಯನ್ನೇ ನೋಡುತ್ತಿದ್ದ.

“ಆಗಲ್ಲ ಸಾರ್,” ಅಂದೆ.

ಶಿವಶಂಕರಪ್ಪನವರು ಸ್ಟೂಲಿನಿಂದ ಎದ್ದು ಬಂದು ಕಾಫಿ ತಟ್ಟೆಯನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡರು. “ನೀವು ಇಂಥದ್ದೆಲ್ಲ ಹೊರಬಾರದು,” ಎಂದು ಎಲ್ಲರಿಗೂ ಅವರೇ ಕಾಫಿ ಹಂಚಿದರು. ನನಗೊಂದು ಲೋಟ ಕೊಡುವಾಗ ಬಿಸಿಯಿದೆ ಎಂದು ಎಚ್ಚರಿಕೆ ಹೇಳಿದರು.

ಪದಕ ಕೊಡುವ ಸಭೆ ಶಾಲೆಯ ಬಯಲಿನಲ್ಲಿ, ಸಂತೆಯ ದಿನವೇ. ಅಂದರೆ ಇಡೀ ಹೋಬಳಿ ಅಲ್ಲಿತ್ತು. ನಾನು ಹೋಗುವುದಿಲ್ಲ ಎಂದೆ. “ಅಸಹಾಯಕರು ಮುಂದಿನ ಸಾಲಲ್ಲಿ ಕೂರಬೇಕು, ನಿಯಮ,” ಎಂದರು ಯಜಮಾನರು. ಶಿವಶಂಕರಪ್ಪನವರು ವೇದಿಕೆ ಮೇಲೆ ನಿಂತು ಕಂಚಿನ ಕಂಠದಲ್ಲಿ ಓದಿದರು: “ಸರ್ವಕಾರ್ಯಗಳಿಗೂ ಅಸಮರ್ಥರಾದ ಶ್ರೀಮತಿ ಸಾಕಮ್ಮನವರನ್ನು ನಿಸ್ವಾರ್ಥ ಮನಸ್ಸಿನಿಂದ ಸಲಹಿದ್ದಕ್ಕಾಗಿ...” ನೀಲಾವತಿಯ ಪದಕ ಮುಗಿದ ಮೇಲೆ ಸಿದ್ದರಾಜು ಮುಂದೆ ಬಂದ. ಪದಕ ಚುಚ್ಚಲು ಕೆಂಪಣ್ಣನವರನ್ನೇ ವೇದಿಕೆಗೆ ಕರೆದರು. ಅವರು ಅಂಗಿಯ ಮೇಲೆ ಪದಕವನ್ನು ಸೊಟ್ಟಗೆ ಚುಚ್ಚಿ, ಸರಿಮಾಡಲು ಹೋಗಿ ಬೆರಳಿಗೆ ಸೂಜಿ ಚುಚ್ಚಿಸಿಕೊಂಡು, ಕೊನೆಗೆ ಮಗನ ಹೆಗಲ ಮೇಲೆ ಕೈಯಿಟ್ಟು ಹಾಗೇ ನಿಂತುಬಿಟ್ಟರು. ಇಳಿಯಿರಿ ಎಂದು ಹೇಳಿದ ಮೇಲೂ ಇಳಿಯಲಿಲ್ಲ. ನನ್ನ ಪಕ್ಕದಲ್ಲಿ ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡರು. ನನಗೂ ಒಂದು ಗಳಿಗೆ, ಹೋಗಲಿ ಬಿಡು ಅನ್ನಿಸಿತು.

ಅದು ಒಂದೇ ಗಳಿಗೆ. ಸಭೆ ಮುಗಿದು ಎದ್ದರೆ ಹಿಂದಿನ ಸಾಲಿನಲ್ಲಿ ನನ್ನ ಅವ್ವ ಮತ್ತು ಮೂವರು ಅಕ್ಕಂದಿರು. ಯಜಮಾನರು ಹೆಂಡತಿಗೆ ಸನ್ಮಾನ ಎಂಬ ಹಾಗೆ ಹೇಳಿ ಕಳಿಸಿದ್ದರಂತೆ. ಅವ್ವ ನನ್ನ ಕೈ ಹಿಡಿದು, “ಹೇಳಬಾರದಾಗಿತ್ತೇನೇ ಮಗಳೇ, ಬಾಣಂತಿ ಮನೇಲಿ ನಿನ್ನ ಕೈಲಿ ಕೆಲಸ ಮಾಡಿಸಿದ್ವಲ್ಲೇ,” ಎಂದು ಅಳತೊಡಗಿದಳು. ಅಕ್ಕಂದಿರು ಅಳಲಿಲ್ಲ. ದೊಡ್ಡಕ್ಕ ನನ್ನ ಅತ್ತೆಯ ಕಾಲಿಗೆ ಬಿದ್ದು, “ಇಂಥವಳನ್ನ ಇಟ್ಕೊಂಡಿದೀರಲ್ಲ, ನೀವು ದೇವರಂಥವರು,” ಅಂದಳು. ಅತ್ತೆ ವಿನಯದಿಂದ ತಲೆ ತಗ್ಗಿಸಿದರು. ಹವಾಲ್ದಾರ್ ಅಪ್ಪಯ್ಯನವರು ಕುಂಟುತ್ತ ಬಂದು ತಮ್ಮ ಊರುಗೋಲನ್ನೇ ನನಗೆ ಕೊಟ್ಟು, ಸೆಲ್ಯೂಟ್ ಹೊಡೆದು, ಇನ್ನಷ್ಟು ಕುಂಟುತ್ತ ಹೋದರು.

ಸಿದ್ದರಾಜು ಎಸ್ಟೇಟಿನ ರೈಟರಾದ. ಈಗಲೂ ಪೇಟೆಗೆ ಬಂದರೆ ಅತ್ತೆಯನ್ನು ಮಾತಾಡಿಸಿಯೇ ಹೋಗುವುದು. ನೀಲಾವತಿಗೆ ಅವರಪ್ಪ ನರ್ಸಿಂಗ್ ಓದಿಸುತ್ತೇನೆ ಅಂದರು. ಮನೆಯ ಕೆಲಸವೆಲ್ಲ ಮತ್ತೆ ನನ್ನ ತಲೆಗೇ ಬಂತು, ಆದರೆ ಕದ್ದು ಮಾಡಬೇಕು. ಸಂತೆಯಲ್ಲಿ ಬುಟ್ಟಿ ಎತ್ತಿದರೆ ಜನ ಕಸಿದುಕೊಳ್ಳುತ್ತಾರೆ. ಅಕ್ಕಿ ಕೇರುತ್ತಿದ್ದರೆ ಪಕ್ಕದ ಮನೆಯವರು, “ಅಯ್ಯೋ, ಗುಣ ಆಯ್ತಾ ಸಾಕಮ್ಮ?” ಎಂದು ಬೇಲಿ ಹತ್ತಿರ ಬರುತ್ತಾರೆ.

ಮಳೆ ಕಳೆದ ಮೇಲೆ ಒಂದು ಬೆಳಗ್ಗೆ ಬಾವಿಯಿಂದ ಬರುತ್ತಿದ್ದೆ. ತಲೆಯ ಮೇಲೊಂದು ಕೊಡ, ಸೊಂಟದಲ್ಲೊಂದು ಕೊಡ. ನಮ್ಮ ಬಾಗಿಲಲ್ಲಿ ಇಬ್ಬರು ಹುಡುಗರು, ಒಬ್ಬಳು ಹುಡುಗಿ ನಿಂತಿದ್ದರು. ಎಲ್ಲರ ತಲೆಯೂ ಎಣ್ಣೆ ಹಚ್ಚಿ ಬಾಚಿತ್ತು. ಅವರಲ್ಲಿ ದೊಡ್ಡವನು ನನ್ನನ್ನು ನೋಡಿ ಬಹಳ ನಯವಾಗಿ ಕೇಳಿದ:

“ಅಮ್ಮಾ, ಅಸಹಾಯಕರ ಮನೆ ಇದೇನಾ?”

ನಾನು ಬಾಯಿ ತೆರೆಯುವ ಮೊದಲೇ ಜಗಲಿಯಿಂದ ಅತ್ತೆ ಕೂಗಿದರು: “ಅವಳೇ ಕಣ್ರಪ್ಪ. ನೋಡ್ಕೊಂಡು ನಿಂತಿದೀರಲ್ಲ, ಮೊದಲು ಕೊಡ ಇಳಿಸ್ಕೊಳ್ಳಿ.”

ಮೂವರೂ ಓಡಿ ಬಂದರು. ಬೇಡ ಎನ್ನಬೇಕೆಂದುಕೊಂಡೆ. ಆದರೆ ಬಾವಿಯಿಂದ ನಮ್ಮ ಮನೆಗೆ ಏರುದಾರಿ, ಕೊಡ ಎರಡೂ ತುಂಬಿದ್ದವು. ಕೊಟ್ಟುಬಿಟ್ಟೆ.